ಖಾಲಿ ಬಿಟ್ಟ ಏಳು ರಾತ್ರಿಗಳು

ಲಿಟಲ್ ಅಂಡಮಾನ್ ದ್ವೀಪದ ಪಶ್ಚಿಮ ತೀರಕ್ಕೆ ಲೆದರ್‌ಬ್ಯಾಕ್ ಕಡಲಾಮೆಗಳ ಸಮೀಕ್ಷೆಯ ಸ್ವಯಂಸೇವಕನಾಗಿ ಹೋದಾಗ, ಆಮೆಗಳನ್ನು ಹತ್ತಿರದಿಂದ ನೋಡುವುದೇ ಅಲ್ಲಿನ ಕೆಲಸವೆಂದು ನಾನು ಭಾವಿಸಿದ್ದೆ. ಅಕ್ಕಿ, ಬೇಳೆ, ಬ್ಯಾಟರಿಗಳನ್ನೆಲ್ಲ ದ್ವೀಪದ ಬಂದರಾದ ಹಟ್ ಬೇಯಿಂದ ಡುಂಗಿಯಲ್ಲಿ, ಅಂದರೆ ಮೋಟಾರು ದೋಣಿಯಲ್ಲಿ, ಹೇರಿಕೊಂಡು ಹೋಗಬೇಕು. ಇಳಿಯುವಾಗ ಅಲೆ ಬಡಿದರೆ ಆ ವಾರವೆಲ್ಲ ಒದ್ದೆ ಅಕ್ಕಿಯ ಗಂಜಿಯೇ ಗತಿ.

2004ರ ಸುನಾಮಿ ಗ್ರೇಟ್ ನಿಕೋಬಾರಿನ ಗಲಾಥಿಯಾ ಸೇರಿದಂತೆ ಈ ಆಮೆಗಳು ಮೊಟ್ಟೆಯಿಡುವ ಹಲವು ಮರಳದಂಡೆಗಳನ್ನು ಹಾಳುಮಾಡಿತು. ಮರಳು ಮತ್ತೆ ಕೂಡಿದಂತೆ ಎಷ್ಟು ಆಮೆಗಳು ಬರುತ್ತಿವೆ ಎಂದು ತಿಳಿಯಲು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇರಿದಂತೆ ಸಂಶೋಧಕರು 2008ರಿಂದ ಲಿಟಲ್ ಅಂಡಮಾನಿನಲ್ಲಿ ಗೂಡುಗಳ ಲೆಕ್ಕವಿಡುತ್ತ ಬಂದಿದ್ದಾರೆ. ಇಲ್ಲಿ ಉಪಗ್ರಹ ಟ್ಯಾಗ್ ಹಾಕಿದ ಆಮೆಗಳಲ್ಲಿ ಕೆಲವು ಆಸ್ಟ್ರೇಲಿಯಾದತ್ತ, ಕೆಲವು ಆಫ್ರಿಕಾದತ್ತ ಈಜಿಹೋಗಿವೆ.

ರಾತ್ರಿ ಕೆಂಪು ದೀಪ ಹಿಡಿದು ದಂಡೆಯುದ್ದಕ್ಕೂ ನಡೆಯುವುದು, ಆಮೆ ಕಂಡರೆ ಅದು ಮೊಟ್ಟೆಯಿಡಲು ತೊಡಗುವವರೆಗೆ ದೂರದಲ್ಲೇ ಕುಳಿತಿದ್ದು ಅನಂತರ ಸುಮಾರು ಒಂದೂವರೆ ಮೀಟರ್ ಉದ್ದದ ಅದರ ಬೆನ್ನನ್ನು ಟೇಪಿನಿಂದ ಅಳೆಯುವುದು, ಬೆಳಗ್ಗೆ ಉಬ್ಬರ ಅಳಿಸುವ ಮುನ್ನ ಜಾಡುಗಳನ್ನು ಎಣಿಸುವುದು ನಮ್ಮ ದಿನಚರಿ. ಜಾಡು ನೋಡಿದರೆ ಮರಳಿನ ಮೇಲೆ ಟ್ರ್ಯಾಕ್ಟರ್ ಹರಿದಂತಿರುತ್ತದೆ.

ಆಮೆ ಬಾರದ ರಾತ್ರಿಗಳೇ ನನಗೆ ತೊಡಕಾದವು. ಏನೂ ಕಾಣದಿದ್ದಾಗ, ಪ್ರತಿ ರಾತ್ರಿಯ ವಿವರ ತುಂಬುವ ನಮೂನೆಯಲ್ಲಿ ಆ ರಾತ್ರಿಯ ಸಾಲನ್ನು ಖಾಲಿ ಬಿಡುತ್ತಿದ್ದೆ. ಮಳೆಯಿಂದಾಗಿ ಹೊರಡದ ದಿನವೂ, ಅಳಿವೆಯಲ್ಲಿ ನೀರೇರಿ ಮೊಸಳೆಯ ಭಯಕ್ಕೆ ಅರ್ಧದಾರಿಯಿಂದ ಹಿಂದಿರುಗಿದ ದಿನವೂ ಹಾಗೆಯೇ ಬಿಟ್ಟಿದ್ದೆ. ಸೊನ್ನೆ ಬರೆಯುವುದರಲ್ಲಿ ಏನಿದೆ ಎಂಬ ಉಡಾಫೆ ಅದು. ಒಂದೇ ಹೆಣ್ಣಾಮೆ ಸುಮಾರು ಹತ್ತು ದಿನಗಳ ಅಂತರದಲ್ಲಿ ಒಂದೇ ಋತುವಿನಲ್ಲಿ ಹಲವು ಬಾರಿ ಮೊಟ್ಟೆಯಿಡುವುದರಿಂದ, ನೋಡದೆ ಬಿಟ್ಟ ರಾತ್ರಿಯನ್ನು ಆಮೆಯೇ ಬಾರದ ರಾತ್ರಿಯೆಂದು ಎಣಿಸಿದರೆ ಗೂಡುಗಳ ಲೆಕ್ಕವೂ ಆಮೆಗಳ ಲೆಕ್ಕವೂ ಎರಡೂ ತಪ್ಪುತ್ತವೆ. ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಕುಳಿತ ಸಂಶೋಧಕಿ, "ಈ ಏಳು ರಾತ್ರಿ ಆಮೆ ಬರಲಿಲ್ಲವೋ, ನೀವು ಹೋಗಲಿಲ್ಲವೋ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು, ಅದೂ ಅರ್ಧ, ನಮ್ಮ ಜೊತೆಗಿದ್ದ, ಬರ್ಮಾದಿಂದ ಬಂದು ಅಂಡಮಾನಿನಲ್ಲಿ ನೆಲೆಸಿದ ಕರೆನ್ ಸಮುದಾಯದ ಹಿರಿಯ ಸಹಾಯಕರಿಂದ. ಅಮಾವಾಸ್ಯೆಯ ಲೆಕ್ಕ, ಅಂದಿನ ಉಬ್ಬರ, ಆ ರಾತ್ರಿ ಬೇಯಿಸಿದ ಮೀನು ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡುತ್ತ ಅವರು ನಾಲ್ಕು ರಾತ್ರಿಗಳನ್ನು ಖಚಿತಪಡಿಸಿದರು. ಮರುವರ್ಷ ನಮೂನೆಯಲ್ಲಿ ನಡೆದ ದೂರ ಮತ್ತು ಹಿಂದಿರುಗಿದ ಕಾರಣಗಳಿಗೆ ಎರಡು ಅಂಕಣಗಳು ಸೇರಿದವು. ಉಳಿದ ಮೂರು ರಾತ್ರಿಗಳ ಎದುರು "ಮಾಹಿತಿ ಇಲ್ಲ" ಎಂದು ನಾನೇ ಬರೆದುಕೊಟ್ಟೆ.