ಕಲ್ಲುಗಣಿಯಿಂದ ಹುಟ್ಟೂರಿಗೆ

ಜಪಾನಿನ ಛಾಯಾಗ್ರಾಹಕ ನವೋಯಾ ಹಟಕೆಯಾಮ ಅವರ ಚಿತ್ರಗಳನ್ನು ನಿನ್ನೆ ರಾತ್ರಿ ಮತ್ತೆ ನೋಡುತ್ತ ಕುಳಿತಿದ್ದೆ. 1958ರಲ್ಲಿ ಇವಾತೆ ಪ್ರಾಂತ್ಯದ ರಿಕುಜೆಂತಕತ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದ ಅವರು, ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಓದಿ, ಸುಣ್ಣಕಲ್ಲಿನ ಗಣಿಗಳನ್ನೇ ತಮ್ಮ ವಸ್ತುವಾಗಿ ಆರಿಸಿಕೊಂಡವರು. 1997ರಲ್ಲಿ ಅವರಿಗೆ ಛಾಯಾಗ್ರಹಣಕ್ಕಾಗಿ ಜಪಾನಿನಲ್ಲಿ ಕೊಡುವ ಕಿಮುರಾ ಇಹೇ ಪ್ರಶಸ್ತಿ ಬಂದಿತು. ಬಂಡೆ ಎತ್ತ ಸಿಡಿಯುತ್ತದೆಂದು ಗಣಿಯ ತಜ್ಞರಿಂದ ಮೊದಲೇ ತಿಳಿದುಕೊಂಡು, ಸ್ಫೋಟದ ಸಮೀಪದಲ್ಲಿ ಕ್ಯಾಮೆರಾ ಇಟ್ಟು ದೂರದಿಂದ ಅದನ್ನು ಚಾಲೂ ಮಾಡಿ ತೆಗೆದ ಆ ಚಿತ್ರಗಳಲ್ಲಿ ಕಲ್ಲುಗಳು ಗಾಳಿಯಲ್ಲಿ ನಿಂತೇ ಇರುವಂತೆ ಕಾಣುತ್ತವೆ.

2011ರ ಮಾರ್ಚ್ 11ರ ಸುನಾಮಿ ಅವರ ಹುಟ್ಟೂರನ್ನು ಅಳಿಸಿಹಾಕಿತು, ತಾಯಿಯೂ ತೀರಿಕೊಂಡರು. ಅಂದಿನಿಂದ ಅವರು ಮತ್ತೆ ಮತ್ತೆ ಅಲ್ಲಿಗೆ ಹೋಗಿ, ಬರಿದಾದ ನೆಲವನ್ನೂ, ಗುಡ್ಡವನ್ನು ಕಡಿದು ತಂದ ಮಣ್ಣಿನಿಂದ ಊರಿನ ಮಟ್ಟವನ್ನು ಎತ್ತರಿಸಿದ ಕಾಮಗಾರಿಯನ್ನೂ ತಾಳ್ಮೆಯಿಂದ ದಾಖಲಿಸಿದರು. ಪಟ್ಟಣಗಳನ್ನು ಕಟ್ಟುವ ಸಿಮೆಂಟಿಗಾಗಿ ಸುಣ್ಣಕಲ್ಲಿನ ಬೆಟ್ಟಗಳು ಕರಗುವುದನ್ನು ವರ್ಷಗಟ್ಟಲೆ ಚಿತ್ರಿಸಿದ ವ್ಯಕ್ತಿಯೇ, ತನ್ನ ಊರಿಗಾಗಿ ಗುಡ್ಡವೊಂದು ಕರಗುವುದನ್ನೂ ನೋಡಬೇಕಾಯಿತು. ಆ ಚಿತ್ರಗಳಲ್ಲಿ ಅಳು ಎಲ್ಲಿಯೂ ಎದ್ದು ಕಾಣುವುದಿಲ್ಲ, ನನ್ನನ್ನು ಹೆಚ್ಚು ಕಲಕಿದ್ದು ಅದೇ. ಈ ಮಳೆಗಾಲ ಮುಗಿಯುವುದರೊಳಗೆ ಅಮ್ಮನ ಊರಿಗೆ ಹೋಗಿ, ಹಳೆಯ ಮನೆಯ ಮುಂದಿನ ಬೀದಿಯದೊಂದು ಚಿತ್ರ ತೆಗೆದಿಟ್ಟುಕೊಳ್ಳಬೇಕೆಂದಿದ್ದೇನೆ.