ಅಪಾಯ ಕಳೆದ ಮೇಲೂ ಸಣ್ಣ ಸದ್ದಿಗೆ ಬೆಚ್ಚುವುದೇಕೆ?

"ಆಗಬೇಕಾದದ್ದು ಆಗಿಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಉಳಿದವರೆಲ್ಲ ಸುಧಾರಿಸಿಕೊಂಡು ಮಾತಿಗೆ ತೊಡಗಿರುತ್ತಾರೆ. ನನಗೆ ಮಾತ್ರ ಸಣ್ಣ ಸದ್ದನ್ನೂ ಸಹಿಸಲಾಗುವುದಿಲ್ಲ, ಬೆಳಕು ಕಣ್ಣಿಗೆ ಚುಚ್ಚುತ್ತದೆ. ನನ್ನ ಮನಸ್ಸು ಅಷ್ಟು ದುರ್ಬಲವೇ?" ಒಂದಲ್ಲ ಒಂದು ರೂಪದಲ್ಲಿ ಈ ಪ್ರಶ್ನೆಯನ್ನು ನನಗೆ ಬಹಳ ಜನ ಕೇಳಿದ್ದಾರೆ. ಇದು ದೌರ್ಬಲ್ಯವಲ್ಲ ಎಂದೇ ನನ್ನ ಉತ್ತರ. ಆದರೆ ಕಾರಣ ಹೇಳದೆ ಕೊಟ್ಟ ಸಮಾಧಾನ ಹೆಚ್ಚು ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಕೊಂಚ ವಿವರವಾಗಿಯೇ ಬರೆಯುತ್ತಿದ್ದೇನೆ.

ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಕಣ್ಣಿನ ಪಾಪೆ ಹಿಗ್ಗುವುದು ಇವೆಲ್ಲ ಆ ಹೊತ್ತಿನವು. ಅದೇ ಗ್ರಂಥಿಗಳಿಂದ ಬರುವ ಇನ್ನೊಂದು ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಮಾತ್ರ ನಿಧಾನಿ. ಒತ್ತಡ ಶುರುವಾದ ಸುಮಾರು 20ರಿಂದ 30 ನಿಮಿಷಗಳ ನಂತರ ರಕ್ತದಲ್ಲಿ ಅದರ ಪ್ರಮಾಣ ಅತಿ ಹೆಚ್ಚಾಗಿರುತ್ತದೆ, ಅಂದರೆ ಎಷ್ಟೋ ಸಲ ಘಟನೆ ಮುಗಿದೇ ಹೋದ ಮೇಲೆ. ಇತ್ತ ಮಿದುಳಿನಲ್ಲಿ ಎಚ್ಚರ ಹೆಚ್ಚಿಸುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಹೆಚ್ಚಿ, ಕಣ್ಣು ಕಿವಿ ಚರ್ಮಗಳಿಂದ ಬರುವ ಸಂದೇಶಗಳಲ್ಲಿ ಯಾವುದು ಅಪಾಯದ ಸೂಚನೆಯೋ ಎಂದು ಹುಡುಕುವ ಕೆಲಸ ಚುರುಕಾಗುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಸದ್ದು ದೊಡ್ಡದಾಗಿ ಕೇಳಿಸಿದರೆ ಅದನ್ನು ಭ್ರಮೆ ಎಂದು ತಳ್ಳಿಹಾಕುವಂತಿಲ್ಲ.

ನನ್ನದೇ ಒಂದು ಅನುಭವವಿದೆ. ಒಂದು ಸಂಜೆ ರಸ್ತೆ ದಾಟುವಾಗ ವೇಗವಾಗಿ ಬಂದ ವಾಹನವೊಂದು ಗೇಣಳತೆಯಲ್ಲಿ ನಿಂತಿತು. ನನಗೆ ಒಂದು ಗೀರೂ ಆಗಲಿಲ್ಲ. ಮನೆಗೆ ಬಂದು ಕುಳಿತೆ. ಎಲ್ಲವೂ ಸರಿಯಾಗಿದೆ ಎಂದೇ ಅಂದುಕೊಂಡಿದ್ದೆ. ಅಷ್ಟರಲ್ಲಿ ಯಾರೋ ತಟ್ಟೆಯ ಮೇಲೆ ಚಮಚ ಇಟ್ಟರು. ಆ ಟಣ್ ಎಂಬ ಸದ್ದಿಗೆ ಭುಜಗಳೆರಡೂ ಕಿವಿಯವರೆಗೆ ಎದ್ದವು, ಉಸಿರು ಅರ್ಧಕ್ಕೆ ನಿಂತಿತು. ದಿನವಿಡೀ ಗಮನಕ್ಕೇ ಬಾರದಿದ್ದ ಅಂಗಿಯ ಕೊರಳಪಟ್ಟಿಯ ಚೀಟಿ ಆಗ ಮುಳ್ಳಿನಂತೆ ಒತ್ತತೊಡಗಿತು. ಚಮಚದ ಸದ್ದಿನಿಂದ ಅಪಾಯವಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಬೆಚ್ಚುವ ಪ್ರತಿಕ್ರಿಯೆ ಮಿದುಳಿನ ಕಾಂಡದ ಮಟ್ಟದಲ್ಲೇ, ನಮ್ಮ ವಿಚಾರ ಶಕ್ತಿ ಎಚ್ಚೆತ್ತುಕೊಳ್ಳುವ ಮೊದಲೇ, ನಡೆದುಹೋಗುತ್ತದೆ. "ಅದಕ್ಕೆಲ್ಲ ಗಮನ ಕೊಡಬೇಡ" ಎಂಬ ಉಪದೇಶ ನನಗೆ ನಿಷ್ಠುರವಾಗಿ ಕಾಣುವುದು ಇದೇ ಕಾರಣಕ್ಕೆ.

ಇನ್ನು, ಕೆಲವರಿಗೇ ಇದು ಹೆಚ್ಚು ಏಕೆ? ಇಂದ್ರಿಯಗಳ ಮೂಲಕ ಬಂದದ್ದನ್ನು ಹೆಚ್ಚು ಆಳವಾಗಿ ಗ್ರಹಿಸುವ ಸ್ವಭಾವ ಕೆಲವರಿಗೆ ಇರುತ್ತದೆಂದು ಮನೋವಿಜ್ಞಾನಿಗಳಾದ ಎಲೈನ್ ಆರನ್ ಮತ್ತು ಆರ್ಥರ್ ಆರನ್ 1997ರಲ್ಲಿ ವಿವರಿಸಿ, ಅದನ್ನು ಅಳೆಯಲು 27 ಪ್ರಶ್ನೆಗಳ ಒಂದು ಮಾಪಕವನ್ನೂ ರೂಪಿಸಿದರು. ಅವರು ಇದನ್ನು ರೋಗವೆಂದು ಕರೆಯಲಿಲ್ಲ, ಸ್ವಭಾವವೆಂದೇ ಕರೆದರು. ಇಂಥವರಿಗೆ ಒತ್ತಡದ ನಂತರದ ಆ ಒಂದೆರಡು ಗಂಟೆಗಳು ಕಷ್ಟವಾಗುವುದು, ನನ್ನ ತಿಳಿವಳಿಕೆಯಂತೆ, ಅವರು ಹೆಚ್ಚು ಹೆದರಿದ್ದರಿಂದಲ್ಲ. ಶಾಂತಸ್ಥಿತಿಗೆ ಇಳಿಯಬೇಕಾದ ದೇಹಕ್ಕೆ ಟಿವಿ, ಪ್ರಖರ ದೀಪ, ಮೇಲಿಂದ ಮೇಲೆ ಬರುವ ಫೋನ್ ಕರೆ, ಸುತ್ತ ನಿಂತವರ ಪ್ರಶ್ನೆಗಳು ಮತ್ತೆ ಮತ್ತೆ "ಇನ್ನೂ ಮುಗಿದಿಲ್ಲ" ಎಂದು ಹೇಳುತ್ತಲೇ ಇರುತ್ತವೆ. ಅದೇ ಸೂಕ್ಷ್ಮತೆಗೆ ಮಬ್ಬು ಬೆಳಕು, ಪರಿಚಿತ ಹೊದಿಕೆ, ಆತ್ಮೀಯರ ತಗ್ಗಿದ ದನಿ ಕೂಡ ಅಷ್ಟೇ ಆಳವಾಗಿ ತಟ್ಟುತ್ತವೆ ಎಂಬುದನ್ನು ನಾವು ಮರೆತುಬಿಡುತ್ತೇವೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಕಣ್ಣು ಕಿವಿಗಳ ಮೂಲಕ ಒಳಗೆ ಬರುವುದನ್ನು ಕಡಿಮೆ ಮಾಡುವುದು. ಜೊತೆಗೆ, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ಇಳಿಯುತ್ತದೆ. ಇದಕ್ಕೆ ಮನಸ್ಸು ಶಾಂತವಾಗಿರಬೇಕೆಂಬ ನಿಯಮವೂ ಇಲ್ಲ.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತನ್ನು ಸೇರಿಸಲೇಬೇಕು. ಸದ್ದು ತಾಳಲಾಗದೆಂದು ದಿನಗಟ್ಟಲೆ ಕಿವಿ ಮುಚ್ಚಿಕೊಂಡೇ ಇದ್ದರೆ, ಕಡಿಮೆ ಸದ್ದಿಗೆ ಒಗ್ಗಿದ ಶ್ರವಣ ವ್ಯವಸ್ಥೆ ತನ್ನ ಸಂವೇದನೆಯನ್ನು ಇನ್ನಷ್ಟು ಏರಿಸಿಕೊಳ್ಳುತ್ತದೆ, ಮುಚ್ಚಿದ್ದನ್ನು ತೆಗೆದಾಗ ಲೋಕ ಮೊದಲಿಗಿಂತ ಜೋರಾಗಿ ಕೇಳುತ್ತದೆ. ಗಂಟೆಯ ಲೆಕ್ಕದ ಮೌನ ಒಳ್ಳೆಯದು, ವಾರಗಳ ಲೆಕ್ಕದ್ದು ಅಲ್ಲ. ಪೂರ್ತಿ ನಿಶ್ಶಬ್ದಕ್ಕಿಂತ ಫ್ಯಾನಿನಂಥ ಏಕತಾನದ ಮೆಲುಸದ್ದು ಅನೇಕರಿಗೆ ಹಿತವೆನಿಸುತ್ತದೆ.

ಬೆಚ್ಚುವುದು, ನಿದ್ದೆ ಬಾರದಿರುವುದು, ಘಟನೆ ಕಣ್ಣಮುಂದೆ ಮರುಕಳಿಸುವುದು ಮೂರು ದಿನ ದಾಟಿಯೂ ಮುಂದುವರಿದು ನಿತ್ಯದ ಬದುಕಿಗೆ ಅಡ್ಡಿಯಾದರೆ ಮನೋವೈದ್ಯರನ್ನು ಕಾಣಬೇಕು. ಮೂರು ದಿನದಿಂದ ಒಂದು ತಿಂಗಳೊಳಗಿನ ಇಂಥ ಸ್ಥಿತಿಯನ್ನು ವೈದ್ಯರು ತೀವ್ರ ಒತ್ತಡದ ತೊಂದರೆ ಎಂದು ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆಯೂ ಇದೆ.

ಜೊತೆಯಲ್ಲಿರುವವರು ಏನು ಮಾಡಬೇಕೆಂದೂ ಕೇಳುತ್ತಾರೆ. ದೀಪ ತಗ್ಗಿಸಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಮುಟ್ಟುವ ಮೊದಲು ಮುಟ್ಟಬಹುದೇ ಎಂದು ಕೇಳಿ. ಏನಾಯಿತೆಂಬ ಪ್ರಶ್ನೆ ನಾಳೆಗಿರಲಿ.