ನಾಮಾನನ ಸಿಟ್ಟು

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೂರನೆಯ ವಾರ, ಸೋಮವಾರದ ಕಥೋಲಿಕ ಪೂಜೆಯಲ್ಲಿ ಬೈಬಲಿನ ಅರಸುಗಳ ಎರಡನೆಯ ಗ್ರಂಥದ 5ನೇ ಅಧ್ಯಾಯ ಓದುತ್ತಾರೆ. ಸಿರಿಯಾದ ಸೇನಾಪತಿ ನಾಮಾನನ ಕುಷ್ಠ, ಇಸ್ರೇಲಿನ ಪ್ರವಾದಿ ಎಲೀಷ, ಜೋರ್ಡನ್ ಹೊಳೆಯಲ್ಲಿ ಏಳು ಮುಳುಗು, ಗುಣ. ಕಥೆ ಬಾಯಿಪಾಠ ಆಗಿರುವುದರಿಂದಲೇ ನಡುವೆ ಬರುವ ಸಿಟ್ಟು ನಮ್ಮ ಕಿವಿಗೆ ಬೀಳುವುದಿಲ್ಲ.

ಆ ಸೇನಾಪತಿ ಬರಿಗೈಯಲ್ಲಿ ಬಂದವನಲ್ಲ. 10 ತಲಾಂತು ಬೆಳ್ಳಿ, 6,000 ಶೆಕೆಲ್ ಚಿನ್ನ (ಎರಡೂ ಆ ಕಾಲದ ತೂಕಗಳು), 10 ಜೊತೆ ಉಡುಪು. ತಲಾಂತಿಗೆ ಸುಮಾರು 34 ಕಿಲೋ ಹಿಡಿದರೂ ಬೆಳ್ಳಿಯೊಂದೇ ಮುನ್ನೂರು ಕಿಲೋ ದಾಟುತ್ತದೆ. ಇಷ್ಟು ಹೇರಿಕೊಂಡು ರಥದೊಡನೆ ಬಾಗಿಲಲ್ಲಿ ನಿಂತರೆ, ಎಲೀಷ ಹೊರಗೇ ಬರಲಿಲ್ಲ; ಜೋರ್ಡನ್ನಿನಲ್ಲಿ ಏಳು ಸಲ ಮುಳುಗು ಎಂದು ಆಳಿನ ಕೈಲಿ ಹೇಳಿ ಕಳಿಸಿದ. ನಾಮಾನ ಮನಸ್ಸಿನಲ್ಲೇ ಪೂಜಾವಿಧಿ ಬರೆದುಕೊಂಡು ಬಂದಿದ್ದ: ಪ್ರವಾದಿ ಬಂದು ನಿಲ್ಲಬೇಕು, ದೇವರ ಹೆಸರೆತ್ತಬೇಕು, ರೋಗದ ಜಾಗದ ಮೇಲೆ ಕೈಯಾಡಿಸಬೇಕು. ಹಾಗಾಗದಿದ್ದಾಗ ತನ್ನೂರ ಕಡೆಯ, ದಮಸ್ಕದ ಅಬಾನ, ಪರ್ಪರ್ ಹೊಳೆಗಳೇ ಮೇಲೆಂದ. ಬೆಟ್ಟದಿಂದಿಳಿಯುವ ತಿಳಿನೀರಿನ ಮುಂದೆ ಜೋರ್ಡನ್ ಕೆಸರೇ ಸರಿ. ಆದರೆ ಯಾವ ನೀರು ಚೆನ್ನ ಎಂದು ಅವನನ್ನು ಯಾರು ಕೇಳಿದ್ದರು?

ಪ್ರವಾದಿ ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವೇ ಎಂದು ಅವನನ್ನು ತಿದ್ದಿದವರು ಆಳುಗಳು. ಎಲೀಷನ ಬಳಿಗೆ ಮೊದಲು ದಾರಿ ತೋರಿದವಳೂ ಸೆರೆಸಿಕ್ಕ ಒಬ್ಬ ಪುಟ್ಟ ಹುಡುಗಿ.

ದೊಡ್ಡ ಕೆಲಸಕ್ಕೆ ನಾವೂ ಸದಾ ಸಿದ್ಧ. ಬೆಂಗಳೂರಿನಿಂದ ವೇಳಾಂಗಣಿಗೆ ಕಾವಿಯುಟ್ಟು ನಡೆದೇ ಹೋಗುತ್ತೇವೆ. ಕಾಣಿಕೆಯನ್ನು ಪೀಠದ ಬಳಿ ಬಿಟ್ಟು ಮೊದಲು ಸೋದರನೊಡನೆ ರಾಜಿಯಾಗು ಎಂದು ಮತ್ತಾಯ 5:24 ಹೇಳಿದರೆ ಮಾತ್ರ ಕಾಲು ಏಳುವುದಿಲ್ಲ. ಉಪವಾಸದ ಪಾಡೂ ಅಷ್ಟೇ. ಧರ್ಮಸಭೆಯ ನಿಯಮದಂತೆ 18 ವರ್ಷ ತುಂಬಿದವರಿಂದ 59ರವರೆಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದು ಪೂರ್ಣ ಊಟ, ಜೊತೆಗೆ ಎರಡು ಸಣ್ಣ ಫಲಾಹಾರ. ಎರಡನ್ನೂ ಕೂಡಿಸಿದರೂ ಒಂದು ಊಟದಷ್ಟು ಆಗಬಾರದು. ಮಾಂಸತ್ಯಾಗ 14ರಿಂದ. ಮೀನಿಗೆ ಅಡ್ಡಿಯಿಲ್ಲವೆಂದು ಅಂಜಲ್ ಫ್ರೈಗೆ ಮಸಾಲೆ ಅರೆಯುವ ಮನೆಗಳಿವೆ. ನಿಯಮ ಮುರಿದಿಲ್ಲ, ಉಪವಾಸವೂ ಆಗಿಲ್ಲ. ಹಸಿದು ಉಳಿಸಿದ ಹಣ ಬಡವರಿಗೆ ತಲುಪದಿದ್ದರೆ ಅದು ಪಥ್ಯ.

ಆರನೆಯ ಮುಳುಗಿನ ತನಕ ನಾಮಾನನ ಚರ್ಮ ಒಂದಿಷ್ಟಾದರೂ ತಿಳಿಯಾಯಿತೆಂದು ಗ್ರಂಥ ಹೇಳುವುದಿಲ್ಲ. ಅಲ್ಲಿಗೇ ಮೇಲೆದ್ದು ಬಂದಿದ್ದರೆ ಆ ಕೆಸರು ನೀರಿನ ಬಗ್ಗೆ ಅವನ ಮಾತೇ ಗೆಲ್ಲುತ್ತಿತ್ತು. ಒಂಬತ್ತು ದಿನದ ಪ್ರಾರ್ಥನೆಯಾದ ನೊವೇನದ ನಾಲ್ಕನೇ ದಿನಕ್ಕೇ ಫಲ ಲೆಕ್ಕ ಹಾಕುವವರು ಇಲ್ಲಿ ತುಸು ನಿಲ್ಲಬೇಕು.

ಪೂಜೆಯ ವಾಚನ 15ನೇ ವಚನಕ್ಕೇ ಮುಗಿಯುತ್ತದೆ. ಹಾಗಾಗಿ ಗೇಹಜಿ ನಮಗೆ ಸಿಗುವುದೇ ಇಲ್ಲ. ಎಲೀಷ ಬೇಡವೆಂದ ಕಾಣಿಕೆಯ ಹಿಂದೆ ಓಡಿ, ಸುಳ್ಳು ಹೇಳಿ, ಒಂದು ತಲಾಂತು ಕೇಳಿ ಎರಡು ತಂದ. ಜೊತೆಗೆ ನಾಮಾನನ ಕುಷ್ಠವೂ ಬಂತು. ಇವನು ಹೊರಗಿನವನಲ್ಲ, ಪ್ರವಾದಿಯ ಮನೆಯಲ್ಲೇ ಇದ್ದ ಸೇವಕ. ಅಂದು ಸಂಜೆ ಮನೆಯಲ್ಲಿ ಬೈಬಲ್ ತೆರೆದು 27ನೇ ವಚನದವರೆಗೆ ಓದಿ, ಮಕ್ಕಳೂ ಕೇಳಲಿ.